ಸೊಂಟದ ಡಿಸ್ಕೂ ನಮ್ಮನೆ ಮುದ್ದೆಕೋಲೂ

ನಮ್ಮ ಕಡೆ ಹೆಂಗಸ್ರ ಸೊಂಟನೋವಿಗೆ ಮರ್ಯಾದೆ ಕಮ್ಮಿ. ಜ್ವರ ಬಂದ್ರೆ ಹಣೆ ಮುಟ್ಟಿ ನೋಡ್ತಾರೆ. ಕೈ ಸುಟ್ಕಂಡ್ರೆ ಬೊಬ್ಬೆ ಕಾಣುತ್ತೆ. ಸಕ್ಕರೆ ಕಾಯಿಲೆಗೆ ಚೀಟೀಲಿ ನಂಬರಾದ್ರೂ ಇರುತ್ತೆ. ಸೊಂಟನೋವಿಗೆ ಇದ್ಯಾವುದೂ ಇಲ್ಲ. "ಯಾರಿಗಿಲ್ಲ ಸೊಂಟನೋವು, ಬಾ, ಒಂದು ಕಾಯಿ ತುರಿ" ಅಂತಾರೆ. ಆದ್ರೆ ಬರೀ ಸೊಂಟನೋವು ಬೇರೆ, ಡಿಸ್ಕ್ ಜಾರಿ ನರ ಒತ್ತೋದು ಬೇರೆ. ನಾನು ಮೂರು ವರ್ಷದಿಂದ ಈ ಎರಡನೇದರ ಜತೆ ಸಂಸಾರ ಮಾಡ್ತಿದೀನಿ. ನೆಂಟರಲ್ಲಿ, ನಮ್ಮ ಬೀದೀಲಿ ಯಾರಿಗಾದ್ರೂ ಸೊಂಟ ಹಿಡೀತು ಅಂದ್ರೆ "ನೀವೇನ್ ಮಾಡಿದ್ರಿ ಅಕ್ಕ" ಅಂತ ನಂಗೇ ಫೋನ್ ಬರುತ್ತೆ. ಅದಕ್ಕೇ ಒಂದೇ ಸಲ ಕೂತು, ಅಲ್ಲಲ್ಲ, ಮಧ್ಯೆ ಮಧ್ಯೆ ಎದ್ದು ಓಡಾಡ್ಕಂಡು, ಬರೀತಿದೀನಿ.

ನಂಗೆ ಶುರುವಾಗಿದ್ದು 2022ರ ಕಾರ್ತಿಕದಲ್ಲಿ. ಅದಕ್ಕೆ ಮುಂಚೆ ಎರಡು ವಾರ ಅಟ್ಟದಿಂದ ಕೊಬ್ಬರಿ ಇಳಿಸೋ ಕೆಲಸ ನಡೀತಿತ್ತು. ಅರಸೀಕೆರೆ ಸೀಮೆಯವರಿಗೆ ಹೇಳೋದೇ ಬೇಡ, ಹೊರಗಿನವರಿಗಾಗಿ ಹೇಳ್ತೀನಿ. ಉಂಡೆ ಕೊಬ್ಬರಿ ಆಗ್ಬೇಕು ಅಂದ್ರೆ ತೆಂಗಿನಕಾಯಿನ ಸಿಪ್ಪೆ ಸಮೇತ ಹೆಚ್ಚುಕಮ್ಮಿ ಒಂದು ವರ್ಷ ಅಟ್ಟದ ಮೇಲೆ ಬಿಡ್ತೀವಿ. ಒಳಗಿನ ನೀರು ಪೂರ್ತಿ ಇಂಗಿ, ಅಲ್ಲಾಡಿಸಿದ್ರೆ ಕೊಬ್ಬರಿ ಗಡಗಡ ಅನ್ನಬೇಕು. ಆಮೇಲೆ ಇಳಿಸಿ, ಸುಲಿದು, ಚಿಪ್ಪು ಒಡೆದು, ಮಾರ್ಕೆಟ್ಟಿಗೆ. ಗಂಡಸ್ರು ಮೂಟೆ ಹೊರ್ತಾರೆ, ಅದು ಎಲ್ಲರಿಗೂ ಕಾಣುತ್ತೆ. ನೆಲದ ಮೇಲೆ ಹರಡಿದ್ದನ್ನ ದಿನವಿಡೀ ಬಗ್ಗಿ ಆಯೋದು, ಸಿಪ್ಪೆ ಗುಡ್ಡೆ ಮಾಡೋದು, ಗುಡಿಸೋದು ನಮ್ಮ ಪಾಲು. ಅದು ಯಾರ ಲೆಕ್ಕಕ್ಕೂ ಬರಲ್ಲ.

ಆದ್ರೆ ಸೊಂಟ ಹೋಗಿದ್ದು ಕೊಬ್ಬರಿ ಹೊತ್ತುಕಂಡಾಗ ಅಲ್ಲ, ನಲ್ಲಿ ನೀರು ಬಂದ ದಿನ. ಅಂಗಳದ ನಲ್ಲಿ ಮೊಣಕಾಲೆತ್ತರಕ್ಕೂ ಇಲ್ಲ. ಬಿಂದಿಗೆ ಇಟ್ಟು ಬಗ್ಗಿದ್ದೆ, ಹಂಗೇ ಒಂದು ಸೀನು ಬಂತು. ಅಷ್ಟೇ. ಸೊಂಟದಿಂದ ಎಡ ಪಿರ್ರೆಗೆ, ಅಲ್ಲಿಂದ ತೊಡೆ, ಮೀನಖಂಡದ ಪಕ್ಕ, ಪಾದದ ಮೇಲೆ ಹಾದು ಹೆಬ್ಬೆರಳಿನ ತನಕ ಕರೆಂಟ್ ಹೊಡೆದಂಗಾಯ್ತು. ನೆಟ್ಟಗೆ ನಿಂತ್ಕಳಕ್ಕಾಗಲಿಲ್ಲ. ನಾಲ್ಕು ಕಾಲಲ್ಲಿ ಅಂಬೆಗಾಲಿಟ್ಟು ಒಳಗೆ ಬಂದೆ. ಬಿಂದಿಗೆ ತುಂಬಿ ನೀರು ಹರೀತಾನೇ ಇತ್ತು. ನೀರು ಪೋಲಾಗ್ತಿದೆಯಲ್ಲ ಅನ್ನೋ ಸಂಕಟವೂ ಜತೇಲೇ. ಹೆಂಗಸ್ರ ಬುದ್ಧಿ ನೋಡಿ.

ಮೊದಲ ಎರಡು ದಿನ ಮನೆ ತುಂಬ ವೈದ್ಯರು. ಅತ್ತೆ ಹರಳೆಲೆ ಬಿಸಿ ಮಾಡಿ ಶಾಖ ಕೊಟ್ರು, ಅದು ಹಿತವಾಗಿತ್ತು. ಹಿಂದಿನ ಮನೆಯವರು "ಉಳುಕು ಕಣವ್ವ, ಕಾಲು ಮುಂದಾಗಿ ಹುಟ್ಟಿದವ್ರ ಕೈಲಿ ಮೂರು ಸಲ ಒದೆಸ್ಕಂಡ್ರೆ ಬಿಟ್ಟೋಗ್ತೈತೆ" ಅಂತ ಅಂಥ ಹುಡುಗನೊಬ್ಬನ್ನ ಕರ್ಕಂಡೇ ಬಂದ್ರು. ಪಾಪ, ಒಳ್ಳೇ ಮನಸ್ಸಿಂದಲೇ. ಹುಡುಗನಿಗೆ ಕಾಫಿ ಕೊಡಿಸಿ ಕಳಿಸಿದೆ, ಒದೆಸ್ಕಳಲಿಲ್ಲ. ಬರೀ ಸ್ನಾಯು ಹಿಡಿದಿದ್ರೆ ಯಾರು ಮುಟ್ಟಿದ್ರೂ ನಾಲ್ಕು ದಿನದಲ್ಲಿ ತಾನೇ ಬಿಡುತ್ತೆ. ನೋವು ಕಾಲಿಗೆ ಇಳಿದಿದೆ, ಜೋಮು ಇದೆ ಅಂದ್ರೆ ಬೆನ್ನು ತುಳಿಸೋದು, ತಿರುಚಿಸೋದು ಬೇಡವೇ ಬೇಡ. ಇದನ್ನ ಗಟ್ಟಿಯಾಗೇ ಹೇಳ್ತೀನಿ.

ಊರಲ್ಲೇ ಎರಡು ಇಂಜೆಕ್ಷನ್ ಆಯ್ತು, ನೋವು ತಗ್ಗಿದಂಗಾಗಿ ಮತ್ತೆ ಬಂತು. ಅಷ್ಟೊತ್ತಿಗೆ ನಾನು ಬೇರೊಂದು ಗಮನಿಸಿದ್ದೆ. ನಡೆಯುವಾಗ ಎಡಗಾಲಿನ ಚಪ್ಪಲಿ ಜಾರಿ ಜಾರಿ ಹಿಂದೆ ಉಳೀತಿತ್ತು. ಅದನ್ನ ಕೇಳಿದ್ದೇ ಇವ್ರು ಕಾರು ಮಾಡಿಸಿ, ಹಿಂದಿನ ಸೀಟಲ್ಲಿ ಮಲಗಿಸ್ಕಂಡು ಹಾಸನಕ್ಕೆ ಹೊರಟ್ರು.

ಹಾಸನದ ಮೂಳೆ ಡಾಕ್ಟ್ರು ಸ್ಕ್ಯಾನಿಂಗ್‌ಗೆ ಮುಂಚೆ ಕೈಯಲ್ಲೇ ಪರೀಕ್ಷೆ ಮಾಡಿದ್ರು. ಅಂಗಾತ ಮಲಗಿಸಿ ಕಾಲು ಮಡಿಸದೆ ನಿಧಾನಕ್ಕೆ ಮೇಲೆತ್ತಿದ್ರು. ಅರ್ಧಕ್ಕೆ ಬರೋ ಮುಂಚೆನೇ ಕಿರುಚಿಕಂಡೆ. ಆಮೇಲೆ ಹಿಮ್ಮಡಿ ಮೇಲೆ ನಡೀರಿ ಅಂದ್ರು, ತುದಿಗಾಲಲ್ಲಿ ನಡೀರಿ ಅಂದ್ರು, ಕಾಲಿನ ಹೆಬ್ಬೆರಳನ್ನ ಒತ್ತಿ ಹಿಡಿದು ಮೇಲಕ್ಕೆತ್ತಿ ಅಂದ್ರು. ಬಲಗಾಲಿನದು ಎದ್ದಿತು, ಎಡಗಾಲಿನದು ಎದ್ದೂ ಎದ್ದಿಲ್ಲ. ಎಂಆರ್‌ಐ ಫೋಟೋದಲ್ಲೂ ಅದೇ ಬಂತು. ಸೊಂಟದಲ್ಲಿ ಐದು ಮೂಳೆ ಇದಾವಂತೆ. ನಾಲ್ಕನೇದು ಐದನೇದರ ನಡುವಿನ ಡಿಸ್ಕ್ ಎಡಗಡೆಗೆ ಹೊರಬಂದು ನರ ಒತ್ತಿತ್ತು. ಜಾಸ್ತಿ ಜನಕ್ಕೆ ಹೋಗೋದೇ ಇದು, ಇಲ್ಲ ಇದರ ಕೆಳಗಿಂದು. ಮೈಭಾರ ಪೂರ್ತಿ ಬಂದು ಕೂರೋದೂ, ನಾವು ಬಗ್ಗೋದೂ ಅಲ್ಲೇ ಅಲ್ವಾ.

ಡಿಸ್ಕ್ ಅಂದ್ರೇನು ಅಂತ ಡಾಕ್ಟ್ರು ಗೊಂಬೆ ಹಿಡಿದು ತೋರಿಸಿದ್ರು. ನಂಗೆ ಹೊಳೆದಿದ್ದು ಒಬ್ಬಟ್ಟು. ಹೊರಗೆ ಗಟ್ಟಿ ಕಣಕ, ಒಳಗೆ ಮೆತ್ತಗಿನ ಹೂರಣ. ಕಣಕ ಒಂದು ಕಡೆ ತೆಳ್ಳಗಾಗಿ, ಎದುರುಗಡೆಯಿಂದ ಒತ್ತಿದ್ರೆ ಏನಾಗುತ್ತೆ? ಮುಂದಕ್ಕೆ ಬಗ್ಗಿದಾಗಲೆಲ್ಲ ಮೂಳೆಗಳು ಮುಂದಿನಿಂದ ಒತ್ತುತ್ತವೆ, ಹೂರಣ ಹಿಂದಕ್ಕೆ ನೂಕುತ್ತೆ, ನರ ಇರೋದು ಹಿಂದೆ. ಕಣಕ ವರ್ಷಾನುಗಟ್ಟಲೆ ಸವೆದಿರುತ್ತೆ, ಆ ಸೀನು ಬರೀ ನೆಪ ಅಂದ್ರು ಡಾಕ್ಟ್ರು. ಒಂದು ಸಮಾಧಾನದ ಮಾತೂ ಹೇಳಿದ್ರು. ಹೊರಬಂದ ಹೂರಣನ ಮೈಯೇ ನಿಧಾನಕ್ಕೆ ಒಣಗಿಸಿ ಹೀರಿಕಳುತ್ತಂತೆ. ಬಹುಪಾಲು ಜನಕ್ಕೆ 6ರಿಂದ 12 ವಾರದಲ್ಲಿ ಕಾಲುನೋವು ಇಳಿಯುತ್ತಂತೆ. "ಆದ್ರೆ ಅಮ್ಮ, ನಿಮ್ಮ ಹೆಬ್ಬೆರಳು ಸ್ವಲ್ಪ ಸೋತಿದೆ. ಮೂರು ವಾರ ನೋಡ್ತೀನಿ. ಸೋಲು ಜಾಸ್ತಿಯಾದ್ರೆ ಆಪರೇಷನ್, ಆಗ ಯೋಚನೆ ಮಾಡಕ್ಕೆ ಟೈಮ್ ಕೇಳಬೇಡಿ" ಅಂದ್ರು.

ಸ್ಕ್ಯಾನಿಂಗ್ ರಿಪೋರ್ಟ್ ಬಗ್ಗೆ ಒಂದ್ಮಾತು. ನಮ್ಮ ಪಿಯುಸಿ ಇಂಗ್ಲಿಷಲ್ಲಿ ಓದಿದ್ರೆ ಎದೆ ಒಡೆಯುತ್ತೆ. ಸವೆದಿದೆ, ಒಣಗಿದೆ, ಉಬ್ಬಿದೆ ಅಂತ ಒಂದು ಪುಟ. ಆದ್ರೆ ನೋವೇ ಇಲ್ಲದ ಐವತ್ತು ದಾಟಿದವರಿಗೆ ಸ್ಕ್ಯಾನ್ ಮಾಡಿದ್ರೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಡಿಸ್ಕ್ ಉಬ್ಬಿರೋದು ಕಾಣುತ್ತಂತೆ. ಕೂದಲು ನೆರೆತಂಗೆ ಅದು. ಫೋಟೋ ನೋಡಿ ಯಾರೂ ಅಳಬೇಡಿ. ಕಾಲಲ್ಲಿ ಶಕ್ತಿ ಇದೆಯಾ ಅನ್ನೋದು ಮುಖ್ಯ.

ಆ ಮೂರು ವಾರ ಮನೇಲಿ ಎರಡು ಪಕ್ಷ. ಬೇಲೂರಿನ ಭಾವ "ಬೆಂಗಳೂರಿಗೆ ಹೋಗಿ ಮಾಡಿಸಿಬಿಡಿ, ಒಂದೇ ದಿನದ ಕೆಲಸ" ಅಂತ. ಅತ್ತೆ "ಬೆನ್ನುಮೂಳೆಗೆ ಕತ್ತಿ ಹಾಕಿಸ್ಕಂಡೋರು ಎದ್ದು ಓಡಾಡಿದ್ದ ನಾ ಕಂಡಿಲ್ಲ" ಅಂತ. ಈ ಹೆದರಿಕೆ ಎಲ್ಲಾ ಮನೇಲೂ ಇದೆ, ಅದಕ್ಕೇ ಬಿಡಿಸಿ ಬರೀತೀನಿ. ಬೆನ್ನುಹುರಿ ಅನ್ನೋದು ಸೊಂಟದ ಮೇಲ್ಭಾಗದಲ್ಲೇ ಮುಗಿದುಹೋಗುತ್ತೆ. ಅದರ ಕೆಳಗೆ ಇರೋದು ಬಿಡಿ ಬಿಡಿ ನರಗಳು. ಈಗಿನ ಆಪರೇಷನ್‌ನಲ್ಲಿ ಸಣ್ಣದಾಗಿ ಕೊಯ್ದು, ಮೈಕ್ರೋಸ್ಕೋಪಲ್ಲಿ ನೋಡ್ಕಂಡು, ಹೊರಬಂದಿರೋ ಚೂರನ್ನಷ್ಟೇ ತೆಗೀತಾರೆ. ಅವತ್ತೋ ಮಾರನೇ ದಿನವೋ ಎಬ್ಬಿಸಿ ನಡೆಸ್ತಾರೆ. ಹಂಗಂತ ಎಲ್ಲರಿಗೂ ಬೇಕಂತಲೂ ಇಲ್ಲ. ಆಪರೇಷನ್ ಆದವರಿಗೆ ಕಾಲುನೋವು ಬೇಗ ಇಳಿಯುತ್ತೆ, ಕಾಯೋರಿಗೆ ನಿಧಾನ. ಒಂದು ವರ್ಷ ಕಳೆದ ಮೇಲೆ ನೋಡಿದ್ರೆ ಇಬ್ಬರೂ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತಿರ್ತಾರೆ.

ಕಾಯಬಾರದ ಸಂದರ್ಭವೂ ಇದೆ. ನಮ್ಮ ಚಿಕ್ಕಮ್ಮನ ಮಗಳಿಗೆ ಒಂದಿನ ಸಾಯಂಕಾಲ ಮೂತ್ರ ಕಟ್ಟಿಕಂಡಿತು, ಕೂತ್ಕಳೋ ಜಾಗವೆಲ್ಲ ಮರಗಟ್ಟಿ ಮುಟ್ಟಿದ್ರೆ ಗೊತ್ತಾಗ್ತಿರಲಿಲ್ಲ. ಅವಳು ನಾಚಿಕೆ ಪಡದೆ ಗಂಡನಿಗೆ ಹೇಳಿದ್ಲು, ಅದೇ ಅವಳನ್ನ ಉಳಿಸಿದ್ದು. ರಾತ್ರೋರಾತ್ರಿ ಬೆಂಗಳೂರಿಗೆ ಕರ್ಕಂಡು ಹೋಗಿ, ಬೆಳಗಾಗೋದ್ರೊಳಗೆ ಆಪರೇಷನ್ ಆಯ್ತು. ಈಗ ಸ್ಕೂಟರ್ ಓಡಿಸ್ತಾಳೆ. ಮೂತ್ರ ಮಲದ ಹಿಡಿತ ತಪ್ಪಿದ್ರೆ, ಆ ಜಾಗ ಮರಗಟ್ಟಿದ್ರೆ, ಪಾದ ಎತ್ತಕ್ಕೇ ಆಗದಿದ್ರೆ, ಎರಡೂ ಕಾಲು ಸೋತ್ರೆ ಗಂಟೆ ಲೆಕ್ಕ, ದಿನದ ಲೆಕ್ಕ ಅಲ್ಲ. ಹೆಂಗಸ್ರು ಇಂಥದ್ದನ್ನ ಬಾಯಿಬಿಟ್ಟು ಹೇಳಲ್ಲ. ಹೇಳಿ ಕಣ್ರೇ.

ನಾನು ದಿನಾ ಬೆಳಿಗ್ಗೆ ಎದ್ದ ತಕ್ಷಣ ಗೋಡೆ ಹಿಡ್ಕಂಡು ನಡುಮನೇಲಿ ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ಹಾಕಿ ನೋಡ್ತಿದ್ದೆ. ದೇವರ ದೀಪಕ್ಕಿಂತ ಮುಂಚೆ ಅದು. ಪಾದ ಕುಸಿದ್ರೆ ಹಾಸನ, ಕುಸೀದಿದ್ರೆ ಇನ್ನೊಂದು ದಿನ ಮನೆ. ಆ ಹತ್ತು ಹೆಜ್ಜೆಗಿದ್ದ ಭಯ ಯಾರಿಗೂ ಗೊತ್ತಾಗಿಲ್ಲ, ಇವ್ರಿಗೊಬ್ರಿಗೆ ಬಿಟ್ಟು. ಇವ್ರು ಪೇಪರ್ ಹಿಡ್ಕಂಡು ಓದ್ದಂಗೆ ಕೂತಿರ್ತಿದ್ರು, ಕಣ್ಣು ನನ್ನ ಕಾಲ ಮೇಲೇ.

ಎರಡು ದಿನಕ್ಕಿಂತ ಜಾಸ್ತಿ ಮಲಗಬೇಡಿ ಅಂದಿದ್ರು ಡಾಕ್ಟ್ರು. ಹಿಂದೆಲ್ಲ ಹಲಗೆ ಮೇಲೆ ತಿಂಗಳಾನುಗಟ್ಟಲೆ ಮಲಗಿಸ್ತಿದ್ರು, ಈಗ ಹಂಗೆ ಹೇಳಲ್ಲ, ಮಲಗಿದಷ್ಟೂ ಬೆನ್ನಿನ ಸ್ನಾಯು ಸೋಲುತ್ತೆ. ನಡೀಬೇಕು, ಆದ್ರೆ ಬಗ್ಗಬಾರದು, ತಿರುಚಬಾರದು, ಭಾರ ಎತ್ತಬಾರದು. ಕೇಳಕ್ಕೆ ಸಲೀಸು. ಮನೆಗೆ ಬಂದು ನಿಂತು ನೋಡ್ತೀನಿ, ನಮ್ಮ ಮನೆಯ ಕೆಲಸವೆಲ್ಲ ಮೊಣಕಾಲಿನ ಕೆಳಗೇ ಇದೆ! ನಲ್ಲಿ ಕೆಳಗೆ. ಪಾತ್ರೆ ತೊಳೆಯೋ ಕಲ್ಲು ಕೆಳಗೆ. ಈಳಿಗೆಮಣೆ, ಕಾಯಿ ತುರಿಯೋ ಮಣೆ ನೆಲದ ಮೇಲೆ. ಅಕ್ಕಿ, ರಾಗಿಹಿಟ್ಟಿನ ಡಬ್ಬ ಕಟ್ಟೆ ಕೆಳಗೆ. ಪೊರಕೆ ಮೊಳದುದ್ದ. ರಂಗೋಲಿ ಬಾಗಿಲ ಮುಂದೆ. ಬಚ್ಚಲಲ್ಲಿ ಚೊಂಬು ಕೂಡ ಬಗ್ಗೇ ತಗೀಬೇಕು. ಮನೆ ಕಟ್ಟಿದ ನಮ್ಮ ಮಾವ ಆರಡಿ ಆಳು, ಅವ್ರ ಅಂಗಿ ನೇತಾಕೋ ಗೂಟ ಮಾತ್ರ ಅವ್ರ ಎತ್ತರಕ್ಕೆ ಸರಿಯಾಗಿದೆ.

ಎಲ್ಲಕ್ಕಿಂತ ಕಷ್ಟ ಮುದ್ದೆ. ಗ್ಯಾಸ್ ಕಟ್ಟೆ ಮೇಲೆ ಎಸರು ಕಾಯಿಸಿದ್ರೂ ತೊಳಸೋದು ನೆಲಕ್ಕಿಳಿಸೇ. ಪಾತ್ರೆನ ಕವೆಗೋಲಲ್ಲಿ ಅದುಮಿ, ಬಗ್ಗಿ, ಭುಜದ ಬಲ ಎಲ್ಲಾ ಹಾಕಿ ಕೋಲು ತಿರುವಬೇಕು. ಬಗ್ಗೋದು, ತಿರುಚೋದು, ಬಲ ಹಾಕೋದು, ಡಾಕ್ಟ್ರು ಬೇಡ ಅಂದ ಮೂರೂ ಒಂದೇ ಕೆಲಸದಲ್ಲಿ. ಮನೇಲಿ ದಿನಾ ರಾತ್ರಿ ಮುದ್ದೆ ಆಗ್ಲೇಬೇಕು. ಅತ್ತೆಗೆ ಎಂಬತ್ತೆರಡು, ಅನ್ನ ತಿಂದ್ರೆ ನಿದ್ದೆ ಬರಲ್ಲ ಅಂತಾರೆ. ನಾಲ್ಕು ದಿನ ಪಕ್ಕದ ಮನೆಯಿಂದ ಬಂತು. ಐದನೇ ದಿನ ಅವ್ರು ಊರಿಗೆ ಹೋದ್ರು. ಅತ್ತೆ ಏನೂ ಅನ್ನಲಿಲ್ಲ, ಮೆಲ್ಲಗೆ ಎದ್ದು ತಾವೇ ಕೋಲು ತಗಂಡ್ರು. ಆ ವಯಸ್ಸಿನ ಜೀವ ಬಗ್ಗೋದನ್ನ ನೋಡಕ್ಕಾಗದೆ ನಾನು ಗೋಡೆ ಹಿಡಿದು ಎದ್ದೆ. ನಾವಿಬ್ರೂ ಒಂದು ಕೋಲಿಗೆ ಕೈ ಹಾಕಿದ್ವಿ. ಆಗ ಇವ್ರು ಟಿವಿ ಆರಿಸಿ ಒಳಗೆ ಬಂದು, "ಇತ್ಲಾಗ್ ಕೊಡಿ ಅದನ್ನ" ಅಂದ್ರು.

ಮೂವತ್ತು ವರ್ಷದ ಸಂಸಾರದಲ್ಲಿ ಇವ್ರು ಕಾಫಿ ಬಿಟ್ಟು ಬೇರೇನೂ ಮಾಡಿದೋರಲ್ಲ. ಅವತ್ತಿನ ಮುದ್ದೇಲಿ ಗೋಲಿ ಗಾತ್ರದ ಗಂಟುಗಳು, ಒಡೆದ್ರೆ ಒಳಗೆ ಹಸಿ ಹಿಟ್ಟು. ಅತ್ತೆ ಸಾರಲ್ಲಿ ಅದ್ದಿ ಅದ್ದಿ ನುಂಗಿದ್ರು. ಉಣ್ಣೋದು ಮುಗಿದ ಮೇಲೆ "ಎಸರು ಇನ್ನೊಂಚೂರು ಕುದೀಬೇಕು ಕಣಪ್ಪ" ಅಂದ್ರು. ಗಂಡುಮಗ ಅಡುಗೆಮನೆಗೆ ಯಾಕೆ ಬಂದ ಅಂತ ಕೇಳ್ತಾರೇನೋ ಅಂತ ನಾನು ಉಸಿರು ಬಿಗಿ ಹಿಡ್ಕಂಡಿದ್ದೆ. ಕೇಳಲಿಲ್ಲ. ಬಂದು ಹೋಗೋರ ಬಾಯಿ ಮಾತ್ರ ಸುಮ್ಮನಿರಲಿಲ್ಲ, "ನೋಡಕ್ಕೆ ಗುಂಡುಕಲ್ಲಿನಂಗವ್ಳೆ, ಗಂಡನ ಕೈಲಿ ಹಿಟ್ಟು ತೊಳಸ್ಕಂತಾಳೆ" ಅಂತ. ಆ ಮಾತು ಕಾಲುನೋವಿಗಿಂತ ಜಾಸ್ತಿ ಹೊತ್ತು ನಿಂತಿತು, ಸುಳ್ಳು ಯಾಕೆ ಹೇಳಲಿ.

ಆ ವಾರವೇ ಇವ್ರು ಅಂಗಳದ ನಲ್ಲಿಗೆ ಪೈಪ್ ಹಾಕ್ಸಿ ಸೊಂಟದೆತ್ತರಕ್ಕೆ ತಂದ್ರು. ಬಿಂದಿಗೆ ಇಡಕ್ಕೆ ಇಟ್ಟಿಗೆ ಕಟ್ಟೆ, ಬಚ್ಚಲಿಗೆ ಒಂದು ಪ್ಲಾಸ್ಟಿಕ್ ಸ್ಟೂಲು, ಕಕ್ಕಸಿಗೆ ಮೆಡಿಕಲ್ ಅಂಗಡೀಲಿ ಸಿಗೋ ಕಮೋಡ್ ಕುರ್ಚಿ. ಉದ್ದ ಹಿಡಿಯ ಪೊರಕೆ. ಹಿಟ್ಟಿನ ಡಬ್ಬಗಳು ಮೇಲಕ್ಕೆ, ವರ್ಷಕ್ಕೊಮ್ಮೆ ತೆಗೆಯೋ ಹಿತ್ತಾಳೆ ಪಾತ್ರೆಗಳು ಕೆಳಕ್ಕೆ. ನಂಗೆ ಮಾತ್ರೆಗಿಂತ ಹೆಚ್ಚು ಕೆಲಸ ಮಾಡಿದ್ದು ಇವೇ ಅಂತ ನನ್ನ ಲೆಕ್ಕ.

ಮಾತ್ರೆ ಬೇಡ ಅಂತಲ್ಲ. ನೋವಿಂದು ಸ್ವಲ್ಪ ದಿನ, ನರದ್ದು ಸ್ವಲ್ಪ ದಿನ ತಗಂಡೆ. ನರದ ಮಾತ್ರೆ ತಲೆ ತೂಗಿಸುತ್ತೆ, ನಿದ್ದೆ ಬರಿಸುತ್ತೆ, ನಿಲ್ಲಿಸುವಾಗಲೂ ಡಾಕ್ಟ್ರನ್ನ ಕೇಳೇ ನಿಲ್ಲಿಸ್ಬೇಕು. ನೋವಿನ ಮಾತ್ರೆನ ಅಂಗಡೀಲಿ ಕೇಳಿ ಕೇಳಿ ತಿಂಗಳುಗಟ್ಟಲೆ ನುಂಗಿದ್ರೆ ಹೊಟ್ಟೆಗೂ ಮೂತ್ರಪಿಂಡಕ್ಕೂ ಕೇಡು, ಬಿಪಿ ಇರೋರಿಗಂತೂ ಇನ್ನೂ. ಹೆಸರಿಲ್ಲದ ಪುಡಿ ಪೊಟ್ಟಣ ಯಾರು ಕೊಟ್ರೂ ತಿನ್ನಬೇಡಿ.

ಎರಡನೇ ವಾರದಿಂದ ವ್ಯಾಯಾಮ ಹೇಳಿಕೊಟ್ರು. ಮಕಾಡೆ ಮಲಗಿ, ಮೊಣಕೈ ಊರಿ ಎದೆ ಎತ್ತೋದು. ಅದ್ರಲ್ಲಿ ಒಂದು ಗುಟ್ಟಿದೆ, ಫಿಸಿಯೋಥೆರಪಿ ಹುಡುಗಿ ಹೇಳಿದ್ದು. ಮಾಡುವಾಗ ನೋವು ಪಾದದಿಂದ ತೊಡೆಗೆ, ತೊಡೆಯಿಂದ ಸೊಂಟಕ್ಕೆ ಹತ್ತುತಾ ಬಂದ್ರೆ ಒಳ್ಳೇದು, ಸೊಂಟ ಇನ್ನಷ್ಟು ನೋಯ್ತು ಅಂತ ಹೆದರಬೇಡಿ. ಸೊಂಟದಿಂದ ಕಾಲಿಗೆ ಇಳೀತಾ ಹೋದ್ರೆ ನಿಲ್ಲಿಸಿ, ಹೋಗಿ ತೋರಿಸಿ. ಕಾಲು ಚಾಚಿ ಬಗ್ಗಿ ಪಾದ ಮುಟ್ಟೋ ಯೋಗಾಸನ ಈ ಸಮಯಕ್ಕಲ್ಲ. ಹಾಸಿಗೆಯಿಂದ ಏಳುವಾಗ ಮಗ್ಗುಲಾಗಿ, ಕಾಲು ಇಳಿಬಿಟ್ಟು, ಕೈ ಊರಿ ಏಳೋದು. ಸೀನು ಬಂದ್ರೆ ನೆಟ್ಟಗೆ ನಿಂತು ಗೋಡೆಗೆ ಕೈ ಕೊಡೋದು. ನಾನಂತೂ ಸೀನಿಗೆ ಈಗಲೂ ಮರ್ಯಾದೆ ಕೊಡ್ತೀನಿ.

ನಡಿಗೆಗೆ ನಮ್ಮೂರ ಶಿವಾಲಯಕ್ಕೆ ಹೋಗ್ತಿದ್ದೆ. 1220ರ ಸುಮಾರಿನ ಹೊಯ್ಸಳರ ಗುಡಿ, ಸುತ್ತ ಜಾಗ ಇದೆ, ಗದ್ದಲ ಇಲ್ಲ. ಮೊದಲ ದಿನ ಒಂದು ಸುತ್ತಿಗೇ ಬೆವರು. ಮೂರನೇ ವಾರಕ್ಕೆ ಐದು ಸುತ್ತು. ಬಗ್ಗಿ ನಮಸ್ಕಾರ ಇಲ್ಲ, ನಿಂತೇ ಕೈ ಮುಗಿಯೋದು.

ನೋವಿದ್ದಾಗ ಮೈ ತಾನಾಗೇ ಒಂದು ಪಕ್ಕಕ್ಕೆ ವಾಲುತ್ತೆ, ನರಕ್ಕೆ ಜಾಗ ಮಾಡಿಕೊಡಕ್ಕೆ. ಬೇಲೂರಿನ ಅಕ್ಕ ನೋಡಕ್ಕೆ ಬಂದಿದ್ಲು. ನಾನು ಬಾಗಿಲಲ್ಲಿ ಸೊಂಟ ಒಂದ್ಕಡೆ, ಭುಜ ಒಂದ್ಕಡೆ ಮಾಡ್ಕಂಡು ನಿಂತಿದ್ದನ್ನ ಕಂಡು, "ಅಲ್ಲೇ, ನಾವು ಟಿಕೆಟ್ಟಿಲ್ಲದೆ ದಿನಾ ನೋಡೋ ದರ್ಪಣ ಸುಂದರಿ ಇಲ್ಲಿಗ್ಯಾವಾಗ ಬಂದ್ಲೇ" ಅಂದ್ಲು. ನಕ್ಕು ನಕ್ಕು ನರ ಎಳೀತು, ಅಳು ಬಂತು. ನಕ್ಕಿದ್ದಕ್ಕೋ ನೋವಿಗೋ ಇಬ್ಬರಿಗೂ ಗೊತ್ತಾಗಲಿಲ್ಲ. ಚೆನ್ನಕೇಶವನ ಗುಡಿಯ ಆ ಶಿಲಾಬಾಲಿಕೆಯರು ಒಂಬೈನೂರು ವರ್ಷದಿಂದ ಹಂಗೇ ಸೊಂಟ ಬಳುಕಿಸಿ ನಿಂತಿದಾರೆ. ಬಿಂದಿಗೆ ಹೊರೋದು ಅವ್ರಿಗೆ ತಪ್ಪಿದೆ, ಅದಕ್ಕೇ.

ಮೂರು ವಾರಕ್ಕೆ ಹಾಸನಕ್ಕೆ ಹೋದಾಗ ಹೆಬ್ಬೆರಳು ಮುಂಚಿಗಿಂತ ಗಟ್ಟಿಯಾಗಿ ಎದ್ದಿತು. ಡಾಕ್ಟ್ರು ಒತ್ತಿ ಹಿಡಿದ್ರೂ ಒಂಚೂರು ಎದುರು ನಿಂತಿತು. "ಆಪರೇಷನ್ ಸದ್ಯ ಬೇಡ" ಅಂದ್ರು. ಹೊರಗೆ ಬಂದು ಇವ್ರು ಎರಡು ಮಸಾಲೆ ದೋಸೆ ತಿಂದ್ರು. ಕಾಲುನೋವು ಪೂರ್ತಿ ಇಳಿಯಕ್ಕೆ ಮೂರು ತಿಂಗಳು ಹಿಡೀತು. ಪಾದದ ಮೇಲೆ ಅಂಗೈಯಗಲ ಜೋಮು ಈಗಲೂ ಇದೆ, ಅದು ನನ್ನ ಜತೇಲೇ ಇರೋದು ಅಂತ ಕಾಣುತ್ತೆ.

ಆಯುರ್ವೇದ ಮಾಡಿಸಿದ್ರಾ ಅಂತ ಕೇಳ್ತಾರೆ. ನಮ್ಮ ಜಿಲ್ಲೇಲಿ ಹಾಸನದ ಧರ್ಮಸ್ಥಳ ಮಂಜುನಾಥೇಶ್ವರ ಆಯುರ್ವೇದ ಆಸ್ಪತ್ರೆ ಇರೋದ್ರಿಂದ ಈ ಪ್ರಶ್ನೆ ಸಹಜ. ಆಯುರ್ವೇದದಲ್ಲಿ ಈ ಕಾಲುನೋವಿಗೆ ಗೃಧ್ರಸಿ ಅಂತ ಹೆಸರು, ಹದ್ದಿನಂಗೆ ಕಾಲೆಳೆದು ನಡೆಸುತ್ತೆ ಅಂತ. ಕಟಿಬಸ್ತಿ ಅಂದ್ರೆ ಉದ್ದಿನಹಿಟ್ಟು ನಾದಿ ಸೊಂಟದ ಮೇಲೆ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ಎಣ್ಣೆ ನಿಲ್ಲಿಸ್ತಾರೆ. ನಾನು ನಾಲ್ಕನೇ ತಿಂಗಳಲ್ಲಿ ಮಾಡಿಸ್ಕಂಡೆ. ಬಿಗಿದಿದ್ದ ಸ್ನಾಯು ಸಡಿಲ ಆಯ್ತು, ಒಳ್ಳೇ ನಿದ್ದೆ ಬಂತು. ಡಿಸ್ಕ್ ಒಳಗೆ ಹೋಯ್ತು ಅಂತ ಮಾತ್ರ ಹೇಳಲಾರೆ, ಎಣ್ಣೆ ಅಷ್ಟು ಆಳಕ್ಕೆ ಇಳಿಯಲ್ಲ. ಉದ್ದಿನಹಿಟ್ಟು ನೋಡಿ ವಡೆ ಆಸೆಯಂತೂ ಆಯ್ತು.

ಬೆಲ್ಟ್ ಬಸ್ಸಿಗೆ ಮಾತ್ರ ಹಾಕ್ಕಳೋದು. ದಿನವಿಡೀ ಹಾಕಿದ್ರೆ ಹೊಟ್ಟೆ ಬೆನ್ನಿನ ಸ್ನಾಯು ಸೋಮಾರಿ ಆಗ್ತವೆ. ತವರು ಹಳೇಬೀಡಿನ ಹತ್ರ ಆದ್ರಿಂದ ಜಾವಗಲ್ ಮೇಲೆ ಬಸ್ಸಲ್ಲೇ ಹೋಗ್ತೀನಿ. ಹಿಂದಿನ ಸೀಟಲ್ಲಿ ಕೂರಲ್ಲ, ಹಂಪ್ ಬಂದಾಗ ಎತ್ತಿ ಹಾಕುತ್ತೆ. ಜಾವಗಲ್ಲಲ್ಲಿ ಬಸ್ ನಿಂತ್ರೆ ಎದ್ದು ನಿಂತ್ಕತೀನಿ.

ಹೋದ ತಿಂಗಳು ಹೋಗಿದ್ದು ತಮ್ಮನ ಹೊಸ ಮನೆ ಕೆಲಸ ನೋಡಕ್ಕೆ. ಹಿತ್ತಲಲ್ಲಿ ಗಾರೆಯವರು ಪಾತ್ರೆ ತೊಳೆಯೋ ಜಾಗಕ್ಕೆ ನೆಲದ ಮಟ್ಟಕ್ಕೇ ಕಲ್ಲು ಹಾಸಕ್ಕೆ ದಾರ ಹಿಡಿದಿದ್ರು. "ಎತ್ತರಿಸಿ ಕಟ್ಟಪ್ಪ" ಅಂದೆ. "ಎಲ್ಲಾರ ಮನೇಲೂ ಹಿಂಗೇ ಅಲ್ವೇನಕ್ಕ" ಅಂದ ಮೇಸ್ತ್ರಿ. ತಮ್ಮನ ಹೆಂಡ್ತೀನ ಕರೆದು ಗೋಡೆಗೆ ಒತ್ತಿ ನಿಲ್ಲಿಸಿ, ಕೈ ಮಡಿಸು ಅಂದು, ಮೊಣಕೈಗಿಂತ ಒಂದು ಗೇಣು ಕೆಳಗೆ ಇದ್ದಿಲಲ್ಲಿ ಗೆರೆ ಎಳೆದೆ. ಅವಳು ಗೆರೆ ನೋಡಿದ್ಲು, ಮೇಸ್ತ್ರಿನ ನೋಡಿದ್ಲು. "ನಲ್ಲೀನೂ ಅದಕ್ಕೆ ತಕ್ಕಂಗೆ ಬರ್ಲಿ" ಅಂದ್ಲು. ಇನ್ನೆರಡು ಸಾಲು ಇಟ್ಟಿಗೆ ಜಾಸ್ತಿಯಾಗುತ್ತೆ ಅಂತ ತಮ್ಮ ಗೊಣಗಿದ. ಅವತ್ತು ಸಾಯಂಕಾಲವೇ ಕಟ್ಟಿಸಿದ್ವಿ.